ನಾನು ಹೇಳಿದ ಗುರುವಾರ

ಶಾರದಕ್ಕ, ವಾಸಣ್ಣನಿಗೆ ರಜೆಯ ದಿನಗಳನ್ನು ತಪ್ಪು ಹೇಳಿದವನು ನಾನು. ಮರೆತು ಹೇಳಿದ್ದಲ್ಲ, ಗೊತ್ತಿಲ್ಲದೆ ಹೇಳಿದ್ದೂ ಅಲ್ಲ — ಗೊತ್ತಿದ್ದೇ, ಬೇಕೆಂದೇ, ಅವರ ಎದುರಿಗೆ ನಿಂತು ಚಾ ಕುಡಿಯುತ್ತಾ ಹೇಳಿದ್ದು. ನಿಮ್ಮ ಗಂಡ ಇಷ್ಟು ವರ್ಷಗಳಿಂದ ಮದುವೆ ಮನೆಗಳಲ್ಲಿ ನಗುತ್ತಾ ಹೇಳುವ ಕತೆ ಉಂಟಲ್ಲ, ಬ್ಯಾಂಕಾಕಿಗೆ ಹೋಗಿ ವಾರವನ್ನೇ ತಪ್ಪಿ ಎಣಿಸಿದ ಬೆಪ್ಪನ ಕತೆ — ಅದರಲ್ಲಿ ಬೆಪ್ಪ ಅವರಲ್ಲ. ಅದರಲ್ಲಿ ಇನ್ನೊಬ್ಬನಿದ್ದಾನೆ. ಅವನ ಹೆಸರನ್ನು ವಾಸಣ್ಣ ಪ್ರತಿ ಸಲವೂ ಬಿಟ್ಟು ಕತೆ ಹೇಳುತ್ತಾರೆ. ಆ ಹೆಸರು ಸದಾನಂದ.

ಇದನ್ನು ಬರೆಯಲು ಕೂತು ಎಷ್ಟೋ ಸಲ ಎದ್ದಿದ್ದೇನೆ. ಮೊದಲ ಸಾಲು ಬರೆದಾಯಿತು. ಇನ್ನು ಹಿಂದೆ ಹೋಗುವ ಹಾಗಿಲ್ಲ.

ನಿಮಗೆ ಗೊತ್ತಿರುವುದನ್ನೇ ಮತ್ತೊಮ್ಮೆ ಹೇಳುತ್ತೇನೆ, ಯಾಕೆಂದರೆ ನಿಮಗೆ ಗೊತ್ತಿರುವುದು ಅರ್ಧ ಮಾತ್ರ. ಎಂಬತ್ತರ ದಶಕದ ಕೊನೆಯ ವರ್ಷಗಳು. ಒಮಾನಿನ ರುಸೈಲಿನಲ್ಲಿ ಪ್ಲಾಸ್ಟಿಕ್ ಪೈಪಿನ ಕಾರ್ಖಾನೆ. ನಾನೂ ವಾಸಣ್ಣನೂ ಒಂದೇ ಮೆಷೀನಿನ ಮುಂದೆ ಕೆಲಸಕ್ಕೆ ನಿಂತವರು — ಅವರು ಮೂಡುಬಿದಿರೆಯ ಕಡೆಯವರು, ನಾನು ಕಾಪುವಿನವನು. ಕಂಪೆನಿಯ ಕ್ವಾರ್ಟರ್ಸಿನಲ್ಲಿ ಒಂದೇ ಕೋಣೆ, ಎದುರುಬದುರು ಮಂಚ. ಆಮೇಲೆ ನನ್ನನ್ನು ಸ್ಟೋರಿಗೆ ಹಾಕಿದರು, ಮೆಷೀನಿನ ಬಿಡಿಭಾಗ ತರಿಸುವ ಕೆಲಸಕ್ಕೆ. ಆ ಮೆಷೀನು ಮಾರಿದವರ ಆಫೀಸು ಬ್ಯಾಂಕಾಕಿನಲ್ಲಿತ್ತು. ಅಲ್ಲಿಗೆ ಫೋನು, ಟೆಲೆಕ್ಸು ಎಲ್ಲ ನನ್ನ ಕೈಯಿಂದಲೇ ಹೋಗಬೇಕು. ಇದನ್ನು ನೆನಪಿಟ್ಟುಕೊಳ್ಳಿ ಅಕ್ಕ.

ಇಬ್ಬರಿಗೂ ಮದುವೆಯಾಗಿತ್ತು. ಆದರೆ ಗಲ್ಫಿನ ಭಾಷೆಯಲ್ಲಿ ನಾವು ಬ್ಯಾಚುಲರ್‌ಗಳು. ಹೆಂಡತಿಯನ್ನು ಕರೆಸಿಕೊಳ್ಳಲು ‘ಫ್ಯಾಮಿಲಿ ಸ್ಟೇಟಸ್’ ಬೇಕು. ಅದು ಬೇಕೆಂದರೆ ಮೇಲಿನ ಗ್ರೇಡು ಸಿಗಬೇಕು. ನಮ್ಮಂಥ ಆಪರೇಟರುಗಳಿಗೆ ಅದು ಎಟುಕದ ದ್ರಾಕ್ಷಿ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವುದು, ಮನೆ ತುಂಬ ಜನ, ಗಂಡ ಹೆಂಡತಿ ಎದುರು ಕೂತು ಎರಡು ಮಾತಾಡಲಿಕ್ಕೂ ಪುರುಸೊತ್ತಿಲ್ಲದೆ ವಾಪಸು ಬರುವುದು — ಇಷ್ಟೇ ನಮ್ಮ ಸಂಸಾರ.

ಉಳಿದದ್ದು ಕ್ಯಾಸೆಟು. ಊರಿನಿಂದ ರಜೆ ಮುಗಿಸಿ ಬರುವವರ ಪೆಟ್ಟಿಗೆಯಲ್ಲಿ ಹಪ್ಪಳ, ಉಪ್ಪಿನಕಾಯಿಯ ಜೊತೆ ಮಾತು ತುಂಬಿದ ಕ್ಯಾಸೆಟುಗಳೂ ಬರುತ್ತಿದ್ದವು. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ವಾಸಣ್ಣ ಟೇಪ್ ರೆಕಾರ್ಡರ್ ಹಾಕುತ್ತಿದ್ದರು. ಇಯರ್‌ಫೋನು ಇತ್ತು. ಹಾಕಿಕೊಳ್ಳುತ್ತಿರಲಿಲ್ಲ. "ಎಂತದು ಗುಟ್ಟು ಮಾರಾಯ, ನೀನೂ ಕೇಳು" ಅನ್ನುತ್ತಿದ್ದರು. ನಾನು ಪೇಪರು ಹಿಡಿದು ಗೋಡೆಗೆ ತಿರುಗಿ ಮಲಗುತ್ತಿದ್ದೆ. ಒಂದಕ್ಷರ ಓದುತ್ತಿರಲಿಲ್ಲ. ನಿಮ್ಮನ್ನು ಕಣ್ಣಲ್ಲಿ ನೋಡುವ ಮುಂಚೆ ನಿಮ್ಮ ನಗು ನನಗೆ ಬಾಯಿಪಾಠವಾಗಿತ್ತು.

ಎಂತೆಂತ ಮಾತಾಡುತ್ತಿದ್ದಿರಿ ನೀವು! ನೀವು ಟೀಚರಾಗಿದ್ದ ಶಾಲೆಯ ಹೆಡ್‌ಮಾಸ್ಟರರ ಛತ್ರಿ ಕಾಣೆಯಾದದ್ದು, ಅತ್ತೆ ಮಜ್ಜಿಗೆಗೆ ಸಕ್ಕರೆ ಹಾಕಿದ್ದು, ನಿಮ್ಮಿಬ್ಬರ ಮದುವೆಯ ದಿನ ವಾಸಣ್ಣ ಪೇಟ ಉಲ್ಟಾ ಕಟ್ಟಿಕೊಂಡದ್ದು. ಗಂಡನನ್ನು ಗೇಲಿ ಮಾಡುವುದು, ಜಗಳ ಮಾಡುವುದು, ನಡುವೆ ಇದ್ದಕ್ಕಿದ್ದಂತೆ, "ಇವತ್ತು ನಿಮ್ಮ ನೆನಪು ಜಾಸ್ತಿಯಾಯ್ತು, ಇಲ್ಲಿಗೆ ನಿಲ್ಲಿಸ್ತೇನೆ" ಅಂದು ಟಕ್ಕನೆ ನಿಲ್ಲಿಸುವುದು.

ನನ್ನ ಜಯಂತಿಯ ಕ್ಯಾಸೆಟೂ ಬರುತ್ತಿತ್ತು. "ಇಲ್ಲಿ ಎಲ್ಲ ಸೌಖ್ಯ. ನೀವು ಸಮ ಊಟ ಮಾಡಿ. ಅತ್ತೆ ಮಾತಾಡ್ತಾರಂತೆ." ಅಲ್ಲಿಂದ ಮುಂದೆ ಕ್ಯಾಸೆಟು ಮುಗಿಯುವವರೆಗೆ ನನ್ನ ಅಮ್ಮ, ಬಾವಿಯ ಪಂಪು ಕೆಟ್ಟ ವಿಚಾರ. ಜಯಂತಿಯದು ತಪ್ಪಲ್ಲ, ಪಕ್ಕದಲ್ಲಿ ಅತ್ತೆಯನ್ನು ಕೂರಿಸಿಕೊಂಡು ಯಾವ ಹೆಣ್ಣು ಗಂಡನ ಹತ್ತಿರ ಮನಸ್ಸು ಬಿಚ್ಚಿಯಾಳು? ನಿಮ್ಮದೂ ತಪ್ಪಲ್ಲ, ನೀವು ಶಾಲೆಯ ಖಾಲಿ ಕ್ಲಾಸಿನಲ್ಲಿ ಕೂತು ರೆಕಾರ್ಡು ಮಾಡುತ್ತಿದ್ದಿರಿ. ಆದರೆ ಅದೆಲ್ಲ ಈಗಿನ ಬುದ್ಧಿ. ಆಗ ನನಗೆ ಇದ್ದದ್ದು ಹೊಟ್ಟೆಯುರಿ ಒಂದೇ. ಎದುರಿನ ಮಂಚದಲ್ಲಿ ಒಬ್ಬ ಗಂಡಸು ಹೆಂಡತಿಯ ಮಾತು ಕೇಳಿ ನಗುತ್ತಾನೆ, ಈ ಮಂಚದಲ್ಲಿ ಇನ್ನೊಬ್ಬ ಬಾವಿಯ ಪಂಪಿನ ಸುದ್ದಿ ಕೇಳುತ್ತಾನೆ — ಇಬ್ಬರಿಗೂ ಒಂದೇ ಸಂಬಳ, ಒಂದೇ ಅನ್ನ.

ನಿಮ್ಮ ಮೇಲೆ ನನಗೆ ಬೇರೆ ಮನಸ್ಸಿತ್ತೇ — ಇದನ್ನೂ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ, ಮುಚ್ಚಿಡುವುದಿಲ್ಲ. ಇಲ್ಲ ಅಕ್ಕ. ನನಗೆ ಬೇಕಾಗಿದ್ದದ್ದು ನೀವಲ್ಲ, ಆ ಮಾತು. ನನ್ನ ಹತ್ತಿರ ಯಾರಾದರೂ ಹಾಗೆ ಮಾತಾಡಬೇಕಿತ್ತು. ಅದು ಸಿಗುವುದಿಲ್ಲ ಎಂದಾದ ಮೇಲೆ — ಹೇಳಲಿಕ್ಕೆ ನಾಚಿಕೆಯಾಗುತ್ತದೆ — ಅವರಿಗೂ ಅದು ಸಿಗಬಾರದು ಅನ್ನಿಸತೊಡಗಿತು.

ಆಗಲೇ ಬ್ಯಾಂಕಾಕಿನ ತರಬೇತಿ ಬಂತು. ಹೊಸ ಮೆಷೀನಿಗೆ ಒಬ್ಬನನ್ನು ಕಳಿಸಿ, ಎರಡು ವಾರ ಕಲಿಸಿ ಸರ್ಟಿಫಿಕೇಟು ಕೊಡುತ್ತೇವೆ ಅಂದರು ಮೆಷೀನು ಮಾರಿದವರು. ಸರ್ಟಿಫಿಕೇಟು ತಂದವನಿಗೆ ಸೂಪರ್‌ವೈಸರ್ ಗ್ರೇಡು, ಅಂದರೆ ಫ್ಯಾಮಿಲಿ ಸ್ಟೇಟಸ್. ಮ್ಯಾನೇಜರು ವಾಸಣ್ಣನ ಹೆಸರು ಹೇಳಿದರು. ಸರಿಯಾದ ಹೆಸರೇ, ಮೆಷೀನಿನ ಸದ್ದು ಕೇಳಿಯೇ ಯಾವ ಬೇರಿಂಗು ಹೋಗಿದೆ ಅಂತ ಹೇಳುತ್ತಿದ್ದವರು ಅವರು. ನಾನು ಕೈ ಕುಲುಕಿದೆ, ಬೆನ್ನು ತಟ್ಟಿದೆ. ಆಮೇಲೆ ಸ್ಟೋರಿಗೆ ಹೋಗಿ ಸರಿ ಇದ್ದ ಬೋಲ್ಟಿನ ಡಬ್ಬಿಗಳನ್ನೆಲ್ಲ ತೆಗೆದು ಪುನಃ ಜೋಡಿಸಿದೆ. ಇವರಿಗೆ ಎಲ್ಲ ಉಂಟು, ಇದೂ ಬೇಕಿತ್ತಾ ಅಂತ ಒಂದೇ ಯೋಚನೆ.

ಆದರೆ ನನ್ನನ್ನು ನಿಜವಾಗಿ ಸುಟ್ಟದ್ದು ತರಬೇತಿಯಲ್ಲ, ನಿಮ್ಮ ಪ್ಲಾನು. ಸುದ್ದಿ ಕಳಿಸಿ ಸ್ವಲ್ಪ ದಿನಕ್ಕೆ ನಿಮ್ಮ ಕ್ಯಾಸೆಟು ಬಂತು. ನೀವು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ನೋಡಿ, ಬ್ಯಾಂಕಾಕಿನ ಹತ್ತಿರವೇ ಅಯುತ್ಥಯಾ ಅಂತ ಒಂದು ಹಳೇ ಊರುಂಟಂತೆ. ನಮ್ಮ ಅಯೋಧ್ಯೆಯ ಹೆಸರೇ ಇಟ್ಟದ್ದಂತೆ. ಊರು ತುಂಬ ಹಾಳುಬಿದ್ದ ದೇವಸ್ಥಾನಗಳು. ಶಾಲೆಯ ಲೈಬ್ರರಿಯಲ್ಲಿ ಫೋಟೋ ನೋಡಿದೆ — ಮರದ ಬೇರಿನ ಒಳಗೆ ಒಂದು ಬುದ್ಧನ ತಲೆ ಉಂಟು ಮಾರಾಯ್ರೇ, ಬೇರು ಅದನ್ನು ಅಪ್ಪಿ ಹಿಡಿದ ಹಾಗೆ. ನಂಗೆ ಅದನ್ನು ನೋಡ್ಬೇಕು. ನಾನೂ ಬರ್ತೇನೆ. ಬೊಂಬಾಯಿಯಿಂದ ವಿಮಾನ ಹತ್ತಿ ಒಬ್ಬಳೇ ಬರ್ತೇನೆ, ಹೆದರಿಕೆ ಇಲ್ಲ. ಎರಡೇ ದಿನ. ಅಲ್ಲಿ ಸೈಕಲ್ ಬಾಡಿಗೆಗೆ ಸಿಗ್ತದಂತೆ. ನೀವು ತುಳೀರಿ, ನಾನು ಹಿಂದೆ ಕೂರ್ತೇನೆ. ಅಲ್ಲಿ ನಮ್ಮನ್ನು ಗುರುತಿಸುವವರು ಒಬ್ಬರೂ ಇಲ್ಲ!"

ಕೊನೆಯ ವಾಕ್ಯ ಹೇಳುವಾಗ ನಿಮ್ಮ ಸ್ವರ ಹಾರಿತ್ತು. ವಾಸಣ್ಣ ಅದಷ್ಟನ್ನೇ ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ಹಾಕಿದರು. ನಾನು ಪೇಪರಿನ ಹಿಂದೆ ಹಲ್ಲು ಕಚ್ಚಿಕೊಂಡು ಮಲಗಿದ್ದೆ.

ಅಲ್ಲಿಂದ ನಮ್ಮ ಕೋಣೆಯಲ್ಲಿ ಬೇರೆ ಮಾತೇ ಇಲ್ಲ. ರೂವಿ ಪೇಟೆಯ ಟ್ರಾವೆಲ್ ಏಜೆಂಟನಿಂದ ಥಾಯ್ಲೆಂಡಿನ ಮ್ಯಾಪು ತಂದು ಗೋಡೆಗೆ ಅಂಟಿಸಿದರು. ಬೆಳಿಗ್ಗೆ ರೈಲು, ಇಳಿದು ದೋಣಿಯಲ್ಲಿ ಹೊಳೆ ದಾಟುವುದು, ಆಚೆ ದಡದಲ್ಲಿ ಸೈಕಲ್ಲು. ರಾತ್ರಿ ಅಲ್ಲೇ ಒಂದು ಸಣ್ಣ ಹೋಟೆಲು. ಮರುದಿನ ಸಂಜೆ ವಾಪಸು. "ಶಾರದ ಸೀರೆ ಉಟ್ಟು ಸೈಕಲ್ಲಿನ ಹಿಂದೆ ಕೂತರೆ ಚಕ್ರಕ್ಕೆ ಸಿಕ್ಕೀತಾ?" ಅಂತ ನನ್ನನ್ನು ಕೇಳುತ್ತಿದ್ದರು. ಯಾರನ್ನು ಕೇಳುತ್ತಿದ್ದೇನೆ ಅಂತ ಅವರಿಗೆ ಗೊತ್ತಿರಲಿಲ್ಲ, ಪಾಪ.

ಒಂದು ದಿನ ಕ್ಯಾಂಟೀನಿನಲ್ಲಿ ಚಾ ಕುಡಿಯುವಾಗ ಹೇಳಿದರು — ನಮ್ಮ ಮಾತೆಲ್ಲ ತುಳುವಿನಲ್ಲಿ, ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ: "ಸದಾ, ಎರಡು ವಾರದ ನಡುವೆ ಎರಡು ದಿನ ಬಿಡುವು ಉಂಟಂತೆ. ಅಲ್ಲಿ ರಜೆ ನಮ್ಮ ಹಾಗೆ ಗುರುವಾರ-ಶುಕ್ರವಾರವಾ, ಊರಿನ ಹಾಗೆ ಭಾನುವಾರವಾ ಗೊತ್ತಿಲ್ಲ. ಬ್ಯಾಂಕಾಕಿಗೆ ಫೋನ್ ಮಾಡುವವ ನೀನಲ್ವಾ, ಸ್ವಲ್ಪ ಕೇಳಿ ಹೇಳು ಮಾರಾಯ. ಶಾರದನ ಟಿಕೆಟು ಮಾಡ್ಲಿಕ್ಕುಂಟು. ಕಡಿಮೆ ರೇಟಿನ ಟಿಕೆಟು, ಆಮೇಲೆ ಬದಲಿಸ್ಲಿಕ್ಕೆ ಆಗುದಿಲ್ಲ."

ಕೇಳುವ ಅಗತ್ಯವೇ ಇರಲಿಲ್ಲ ಅಕ್ಕ. ಆ ಕಾರ್ಖಾನೆಯಲ್ಲಿ ಅದು ಗೊತ್ತಿದ್ದವ ನಾನೊಬ್ಬನೇ. ಒಮಾನಿನಲ್ಲಿ ಬುಧವಾರ ಸಂಜೆ ಕೆಲಸ ನಿಂತರೆ ಶುರುವಾಗುವುದು ಶನಿವಾರ. ಶನಿವಾರ ಬೆಳಿಗ್ಗೆ ಮೆಷೀನು ಕೈಕೊಟ್ಟರೆ ಮ್ಯಾನೇಜರು ನನ್ನ ತಲೆ ತಿನ್ನುತ್ತಿದ್ದರು — ಬ್ಯಾಂಕಾಕಿಗೆ ಫೋನ್ ಮಾಡು, ಯಲ್ಲಾ, ಯಲ್ಲಾ, ಬೇಗ! ನಾನು ಮಾಡುತ್ತಿದ್ದೆ. ಆಚೆ ಗಂಟೆ ಬಡಿದುಕೊಳ್ಳುತ್ತಲೇ ಇರುತ್ತಿತ್ತು, ಎತ್ತುವವರಿಲ್ಲ. ಭಾನುವಾರವೂ ಅದೇ. ಅವರ ರಜೆ ಶನಿವಾರ-ಭಾನುವಾರ. ಆ ಖಾಲಿ ಆಫೀಸಿನ ಗಂಟೆಯನ್ನು ನಾನು ವರ್ಷಗಟ್ಟಲೆ ಕೇಳಿದ್ದೆ.

ಮೂರನೇ ದಿನ ಅದೇ ಕ್ಯಾಂಟೀನಿನಲ್ಲಿ ಹೇಳಿದೆ:

"ಕೇಳಿದೆ ವಾಸಣ್ಣ. ಗಲ್ಫಿನಿಂದ ಹೋದವರಿಗೆ ಗುರುವಾರ-ಶುಕ್ರವಾರವೇ ರಜೆ ಕೊಡ್ತಾರಂತೆ. ನಮ್ಮ ಹಾಗೇ."

ಇಷ್ಟೇ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಅವರು ಚಾದ ಲೋಟ ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು. "ನಿನ್ನಿಂದ ದೊಡ್ಡ ಉಪಕಾರವಾಯ್ತು ಮಾರಾಯ" ಅಂದರು.

ಆಗಲಾದರೂ ಬಾಯಿ ಬಿಡಬಹುದಿತ್ತು. ಟಿಕೆಟು ಮಾಡಲು ರೂವಿಗೆ ಹೋದಾಗ ನಾನೂ ಜೊತೆಗೆ ಹೋಗಿದ್ದೆ. ನೀವು ಬುಧವಾರ ಬಂದಿಳಿಯುವುದು, ಶನಿವಾರ ಬೆಳಿಗ್ಗೆ ಹೊರಡುವುದು — ಏಜೆಂಟು ಓದಿ ಹೇಳಿದಾಗ ವಾಸಣ್ಣ ನನ್ನ ಕಡೆ ತಿರುಗಿ "ಸರಿ ಉಂಟಲ್ಲ?" ಅಂದರು. ನಾನು ತಲೆಯಾಡಿಸಿದೆ. ಕಂಪೆನಿಯ ಕಪಾಟಿನಲ್ಲಿದ್ದ ಅವರ ಪಾಸ್‌ಪೋರ್ಟು ಹೊರಗೆ ಬಂತು, ಆಗಲೂ ಹೇಳಬಹುದಿತ್ತು. ಸೀಬ್ ವಿಮಾನ ನಿಲ್ದಾಣಕ್ಕೆ ಬಿಡಲು ಹೋದೆ. "ನಿಂಗೆಂತ ತರ್ಲಿ?" ಅಂತ ಕೇಳಿದರು. ಎಂತದೂ ಬೇಡ ಅಂದೆ. ಆದರೂ ವಾಪಸು ಬರುವಾಗ ಜಯಂತಿಗೆ ಅಂತ ಒಂದು ಬಣ್ಣದ ಕೊಡೆ ತಂದಿದ್ದರು. ಅದು ಈಗಲೂ ನಮ್ಮ ಮನೆಯ ಕಪಾಟಿನ ಮೇಲಿದೆ. ನಾನು ಅದನ್ನು ಒಂದು ಸಲವೂ ಬಿಚ್ಚಿಲ್ಲ.

ನನ್ನ ಎಣಿಕೆ ಎಂತದಿತ್ತು? ನೀವು ಬರುತ್ತೀರಿ, ಅವರು ಕ್ಲಾಸಿನಲ್ಲಿರುತ್ತಾರೆ, ನೀವು ಹೋಟೆಲಿನ ಕೋಣೆಯಲ್ಲಿ ಎರಡು ಹಗಲು ಗೋಡೆ ನೋಡುತ್ತಾ ಕೂರುತ್ತೀರಿ, ಅವರಿಗೆ ಬಿಡುವಾಗುವ ಹೊತ್ತಿಗೆ ವಿಮಾನ ಹತ್ತುತ್ತೀರಿ. ಇಬ್ಬರೂ ಜಗಳವಾಡುತ್ತೀರಿ. ಇನ್ನೊಂದು ಕ್ಯಾಸೆಟು ಬರುವಾಗ ಆ ನಗು ಇರುವುದಿಲ್ಲ. ಇದು ನನಗೆ ಬೇಕಾಗಿದ್ದದ್ದು. ಬರೆದು ನೋಡಿದರೆ ಎಷ್ಟು ಹಲ್ಕಟ್ ಅನ್ನಿಸುತ್ತದೆ — ಆದರೆ ನಿಜ ಇದೇ.

ವಾಸಣ್ಣ ನನಗಿಂತ ದೊಡ್ಡ ಮನುಷ್ಯ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ತರಬೇತಿಯ ಮೊದಲ ದಿನವೇ ಅವರಿಗೆ ರಜೆಯ ವಿಷಯ ಗೊತ್ತಾಯಿತಂತೆ. ಗುರುವಾರ-ಶುಕ್ರವಾರ ಮೆಷೀನು ಬಿಚ್ಚಿ ಜೋಡಿಸುವ ಪಾಠ. ಅದಕ್ಕೆ ಬಾರದವನಿಗೆ ಸರ್ಟಿಫಿಕೇಟು ಇಲ್ಲ. ನೀವು ಆಗಲೇ ಬೊಂಬಾಯಿಯ ಬಸ್ಸು ಹತ್ತಿದ್ದಿರಿ. ಅವರು ಕಲಿಸುವವರನ್ನು ಬೇಡಿಕೊಂಡರು, ಆಗಲಿಲ್ಲ. ಗುರುವಾರ ಬೆಳಿಗ್ಗೆ ನಿಮ್ಮನ್ನು ಕರೆದುಕೊಂಡು ರೈಲು ಹತ್ತಿದರು. ನಿಮಗೆ ಒಂದು ಮಾತು ಹೇಳಲಿಲ್ಲ — ಅಲ್ಲವೇ ಅಕ್ಕ? ನೀವು ದೋಣಿ ದಾಟಿದಿರಿ, ಸೈಕಲ್ಲಿನ ಹಿಂದೆ ಕೂತಿರಿ, ಬೇರಿನೊಳಗಿನ ಆ ಮುಖ ನೋಡಿದಿರಿ. ಯಾರಿಂದಲೋ ತೆಗೆಸಿದ ಫೋಟೋ ಒಂದಿತ್ತು: ಕೆಂಪು ಇಟ್ಟಿಗೆಯ ಗೋಪುರಗಳ ಮುಂದೆ ಸೈಕಲ್ಲು, ನಿಮ್ಮ ಸೆರಗಿನ ತುದಿ ವಾಸಣ್ಣನ ಕೈಯಲ್ಲಿ, ಚಕ್ರಕ್ಕೆ ಸಿಗದ ಹಾಗೆ. ಇಬ್ಬರ ಮುಖದಲ್ಲೂ ಎಂಥ ನಗು! ಅವರು ಏನನ್ನು ಕೈಬಿಟ್ಟು ಅಲ್ಲಿ ನಿಂತಿದ್ದಾರೆ ಅಂತ ಆ ಮುಖ ನೋಡಿದ ಯಾರಿಗೂ ಗೊತ್ತಾಗದು.

ವಾಪಸು ಬಂದ ಮೇಲೆ ಮ್ಯಾನೇಜರು ಬೈದರು. ಎರಡು ದಿನ ಕ್ಲಾಸು ತಪ್ಪಿಸಿ ಹೆಂಡತಿಯ ಜೊತೆ ತಿರುಗಿದವನಿಗೆ ಗ್ರೇಡು ಎಂತದು? "ಖಲಾಸ್, ಮುಂದಿನ ವರ್ಷ ಸದಾನಂದ ಹೋಗಲಿ" ಅಂದರು.

ಅದೇ ಸಂಜೆ ವಾಸಣ್ಣ ನನ್ನನ್ನು ಹೊರಗೆ ಕರೆದರು. ನಾನು ಹಿಂದೆಯೇ ಹೋದೆ. ಇವತ್ತು ಹಿಡಿದು ಬಡಿಯುತ್ತಾರೆ ಅಂದುಕೊಂಡೆ. ಬಡಿದಿದ್ದರೆ ಒಳ್ಳೆಯದಿತ್ತು. ಅವರು ಹೇಳಿದ್ದು: "ನಿಂಗೆ ಫೋನಿನಲ್ಲಿ ಯಾರೋ ತಪ್ಪು ಹೇಳಿದ್ದು ಮಾರಾಯ. ನೀ ಎಂತ ಮಾಡ್ತಿ ಅದಕ್ಕೆ? ಶಾರದನ ಹತ್ತಿರ ನಾನೇ ವಾರ ಎಣಿಸಿದ್ದು ತಪ್ಪಾಯ್ತು ಅಂತ ಹೇಳ್ತೇನೆ. ನೀನೂ ಹಾಗೇ ಹೇಳು. ಸುಮ್ಮನೆ ನಿನ್ನ ಮೇಲೆ ಅವಳಿಗೆ ಬೇಜಾರು ಎಂತಕ್ಕೆ?"

ನಾನು "ಆಯ್ತು" ಅಂದೆ. ಕೇಳಿದಿರಾ — "ಆಯ್ತು" ಅಂದೆ.

ಆ ಶುಕ್ರವಾರ ಅವರು ನಿಮಗೆ ಕ್ಯಾಸೆಟು ತುಂಬಿಸಿದರು. ನಾನು ಕೋಣೆಯಲ್ಲೇ ಇದ್ದೆ. ಗ್ರೇಡು ಹೋದದ್ದನ್ನು, ಫ್ಯಾಮಿಲಿ ಸ್ಟೇಟಸ್ ಕೈತಪ್ಪಿದ್ದನ್ನು ಅವರು ತಮಾಷೆಯ ಹಾಗೆ ಹೇಳಿದರು. ಈಗ ಎಲ್ಲರೂ ನಗುವ ಆ ಕತೆ ಹುಟ್ಟಿದ್ದು ಆವತ್ತು, ನನ್ನ ಕಣ್ಣೆದುರು. ನಿಮ್ಮ ಉತ್ತರ ಬಹಳ ತಡವಾಗಿ ಬಂತು. "ಪರವಾಗಿಲ್ಲ. ನೀವು ಮನಸ್ಸಿಗೆ ಹಚ್ಚಿಕೊಳ್ಬೇಡಿ. ಸಮ ಊಟ ಮಾಡಿ." ಆಮೇಲೆ ಬರೀ ಕ್ಯಾಸೆಟು ತಿರುಗುವ ಸದ್ದು. ವಾಸಣ್ಣ ಇನ್ನೊಂದು ಬದಿಗೂ ತಿರುಗಿಸಿ ಹಾಕಿ ನೋಡಿದರು. ಅದರಲ್ಲಿ ಏನೂ ಇರಲಿಲ್ಲ. ಅವತ್ತಿನಿಂದ ನಿಮ್ಮ ಕ್ಯಾಸೆಟುಗಳೂ ಜಯಂತಿಯ ಕ್ಯಾಸೆಟಿನ ಹಾಗೇ ಆದವು. ನಾನು ಬೇಡಿಕೊಂಡದ್ದು ನನಗೆ ಸಿಕ್ಕಿತು.

ಮುಂದಿನ ವರ್ಷ ನಾನು ಬ್ಯಾಂಕಾಕಿಗೆ ಹೋದೆ. ಶನಿವಾರ-ಭಾನುವಾರ ರಜೆ. ಅಯುತ್ಥಯಾದ ರೈಲು ಹಿಡಿಯಲು ಸ್ಟೇಷನ್ನಿನವರೆಗೆ ಹೋದೆ. ಟಿಕೆಟಿನ ಕಿಂಡಿಯ ಮುಂದೆ ನನ್ನ ಸರದಿ ಬಂದಾಗ ಬಾಯಿಂದ ಊರಿನ ಹೆಸರು ಹೊರಡಲಿಲ್ಲ. ಹೋಟೆಲಿಗೆ ವಾಪಸು ಬಂದು ಗೋಡೆ ನೋಡುತ್ತಾ ಕೂತೆ, ನಿಮಗೆಂದು ನಾನು ಯೋಚಿಸಿಟ್ಟ ಹಾಗೆಯೇ.

ಸರ್ಟಿಫಿಕೇಟು ಸಿಕ್ಕಿತು. ಗ್ರೇಡು ಸಿಕ್ಕಿತು. ಜಯಂತಿ ಬಂದಳು, ರೂವಿಯಲ್ಲಿ ಎರಡು ಕೋಣೆಯ ಮನೆ. ಮಕ್ಕಳು ಅಲ್ಲೇ ಹುಟ್ಟಿ ಅಲ್ಲೇ ಓದಿದರು, ನಾವು ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾ ಬೆಳೆದರು. ಅತ್ತೆ ಪಕ್ಕದಲ್ಲಿಲ್ಲದ ಮನೆಯಲ್ಲಿ ಜಯಂತಿಗೂ ಮಾತು ಬಂತು ಅಕ್ಕ. ಅವಳೂ ನನ್ನನ್ನು ಗೇಲಿ ಮಾಡಿದಳು, ಜಗಳ ಮಾಡಿದಳು, ನಕ್ಕಳು. ಆ ಸುಖವನ್ನು ನಾನು ಉಂಡಿದ್ದೇನೆ, ಸುಳ್ಳು ಹೇಳಲಾರೆ. ಅದು ನಿಮ್ಮ ಪಾಲಿನದು ಎಂದು ಗೊತ್ತಿದ್ದೇ ಉಂಡಿದ್ದೇನೆ.

ವಾಸಣ್ಣ ಪ್ರತಿ ಶುಕ್ರವಾರ ರುಸೈಲಿನಿಂದ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಜಯಂತಿ ಬಂಗುಡೆ ಸಾರು ಮಾಡಿದರೆ ಎರಡು ಸಲ ಅನ್ನ ಬಡಿಸಿಕೊಳ್ಳುತ್ತಿದ್ದರು. ನನ್ನ ಮಗಳಿಗೆ ಸೈಕಲ್ ಕಲಿಸಿದ್ದು ಅವರೇ. ಹಿಂದಿನಿಂದ ಸೀಟು ಹಿಡಿದು ಓಡುತ್ತಾ, "ಬಿಡುದಿಲ್ಲ ಮಗಾ, ಬಿಡುದಿಲ್ಲ" ಅನ್ನುತ್ತಾ. ಅದೇ ಹೊತ್ತಿಗೆ ಊರಿನಲ್ಲಿ ನಿಮ್ಮ ಮಗ ಅವರನ್ನು ‘ಗಲ್ಫ್ ಅಪ್ಪ’ ಅನ್ನುತ್ತಿದ್ದನಂತೆ. ಅದನ್ನೂ ನಗುತ್ತಲೇ ಹೇಳಿದ್ದರು. ಊಟ ಮುಗಿದ ಮೇಲೆ ಅವರು ಬಸ್ಸಿಗೆ ಹೊರಟಾಗ ನಾನು ಬಾಗಿಲ ತನಕ ಹೋಗುತ್ತಿದ್ದೆ. ಪ್ರತಿ ಶುಕ್ರವಾರವೂ ಹೇಳಬಹುದಿತ್ತು. ಎಷ್ಟು ಶುಕ್ರವಾರಗಳು, ದೇವರೇ.

ಕೊನೆಗೆ ನಾವೆಲ್ಲ ಊರಿಗೆ ಬಂದು ನೆಲೆಸಿದೆವು. ಕಳೆದ ತಿಂಗಳು ನನ್ನ ಮಗಳ ಮದುವೆ. ಊಟದ ಹಾಲಿನಲ್ಲಿ ವಾಸಣ್ಣ ಅದೇ ಕತೆ ತೆಗೆದರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಅಭ್ಯಾಸವಾಗಿದೆ. ನೀವು ನಗಲಿಲ್ಲ. ವೀಳ್ಯದ ತಟ್ಟೆಯ ಹತ್ತಿರ ನಿಂತಿದ್ದ ಜಯಂತಿಗೆ ಮೆಲ್ಲಗೆ ಹೇಳಿದಿರಿ. ನಾನು ಹಿಂದೆಯೇ ಇದ್ದೆ.

"ಇವರದಲ್ಲ ಜಯಂತಿ, ತಪ್ಪು ನನ್ನದು. ಆ ಊರು ನೋಡ್ಬೇಕು ಅಂತ ನಾನು ಹಟ ಮಾಡದಿದ್ದರೆ ನಾವೂ ನಿಮ್ಮ ಹಾಗೆ ಒಟ್ಟಿಗೆ ಇರ್ತಿದ್ದೆವು. ಆ ಫೋಟೋ ಸಹ ನಾನು ಟ್ರಂಕಿನ ಅಡಿಗೆ ಹಾಕಿದ್ದೇನೆ. ಆಮೇಲೆ ಇವರ ಹತ್ತಿರ ನಾನು ಏನೂ ಕೇಳ್ಲಿಲ್ಲ. ಎಲ್ಲಿಗೂ ಕರ್ಕೊಂಡು ಹೋಗಿ ಅನ್ಲಿಲ್ಲ. ಒಂದು ಸೀರೆ ಬೇಕು ಅಂತ ಸಹ ಹೇಳ್ಲಿಲ್ಲ."

ಆಮೇಲೆ ನನ್ನನ್ನು ನೋಡಿ ಕೇಳಿದಿರಿ: "ಅಲ್ಲ ಸದಣ್ಣ, ಅಷ್ಟು ಜನ ಇದ್ರಲ್ಲ ನಿಮ್ಮ ಕಾರ್ಖಾನೆಯಲ್ಲಿ. ಅಲ್ಲಿ ರಜೆ ಯಾವಾಗ ಅಂತ ಒಬ್ಬರಿಗಾದರೂ ಗೊತ್ತಿರಲಿಲ್ವಾ?"

"ಯಾರಿಗೆ ಗೊತ್ತಿತ್ತು ಅಕ್ಕ ಆಗ" ಅಂದೆ.

ಮಗಳ ಮದುವೆಯ ದಿನ, ನಿಮ್ಮ ಮುಖ ನೋಡಿಕೊಂಡು, ಎರಡನೇ ಸಲ ಅದೇ ಸುಳ್ಳು. ಮೊದಲನೆಯದಕ್ಕೆ ಪ್ರಾಯ ಇತ್ತು, ಹೊಟ್ಟೆಯುರಿ ಇತ್ತು. ಇದಕ್ಕೆ ಎಂತದೂ ಇರಲಿಲ್ಲ, ಬರೀ ಹೇಡಿತನ. ವಾಸಣ್ಣ ತಾನು ಬೆಪ್ಪ ಅಂತ ಜನರ ಎದುರು ಹೊತ್ತುಕೊಂಡರು. ನೀವು ಅದರ ಪಾಪವನ್ನು ನಿಮ್ಮ ತಲೆಗೆ ಕಟ್ಟಿಕೊಂಡು ಬಾಯಿ ಮುಚ್ಚಿ ಬದುಕಿದಿರಿ. ಮಾಡಿದ ನಾನು ಮಾತ್ರ ಎರಡು ಮನೆಯಲ್ಲೂ ಒಳ್ಳೆಯವ.

ಇದನ್ನು ಅಂಚೆಗೆ ಹಾಕುವುದಿಲ್ಲ. ಒಂದು ಕಾಲದಲ್ಲಿ ನಿಮ್ಮ ಮಾತನ್ನೆಲ್ಲ ನಿಮಗೆ ಗೊತ್ತಿಲ್ಲದೆ ನಾನು ಕೇಳಿದ್ದೇನೆ. ಈಗ ನನ್ನದನ್ನು ನೀವು ಕೇಳಬೇಕು. ಬರುವ ಗುರುವಾರ ನಿಮ್ಮ ಮನೆಗೆ ಬರುತ್ತೇನೆ. ನೀವಿಬ್ಬರೂ ಇರುವಾಗ, ಜಯಂತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಸಾಲಿನಿಂದ ಓದುತ್ತೇನೆ. ಅವಳಿಗೂ ಇದು ಗೊತ್ತಿಲ್ಲ. ಓದಿ ಮುಗಿದ ಮೇಲೆ ನೀವು ಹೊರಗೆ ಹೋಗು ಅಂದರೆ ಹೋಗುತ್ತೇನೆ. ವಾಸಣ್ಣ ನಡುವೆ ಬಾಯಿ ಹಾಕಿ ‘ಅವನಿಗೆ ಯಾರೋ ತಪ್ಪು ಹೇಳಿದ್ದು’ ಅಂದರೆ ನಂಬಬೇಡಿ. ನನಗೆ ಯಾರೂ ಹೇಳಲಿಲ್ಲ. ನಾನು ಯಾರನ್ನೂ ಕೇಳಲೇ ಇಲ್ಲ.

ಕ್ಷಮಿಸಿ ಅಂತ ಬರೆಯಲು ಹೊರಟು ಕೈ ತಡೆದೆ. ನಿಮ್ಮಿಂದ ಇನ್ನೂ ಒಂದನ್ನು ಪಡೆಯುವ ಮುಖ ನನಗಿಲ್ಲ. ನಾನು ಎದ್ದು ಹೋದ ಮೇಲೆ ನೀವು ಒಂದು ಕೆಲಸ ಮಾಡಿದರೆ ಸಾಕು, ಅದೂ ನನಗೋಸ್ಕರ ಅಲ್ಲ. ಟ್ರಂಕಿನ ಅಡಿಯಿಂದ ಆ ಫೋಟೋ ತೆಗೆಯಿರಿ. ಅದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ತೆಗೆದು ವಾಸಣ್ಣನ ಕೈಗೆ ಕೊಡಿ. ಆಮೇಲೆ ಅವರ ಹತ್ತಿರ ಏನಾದರೂ ಒಂದು ಕೇಳಿ ಅಕ್ಕ.